ಕೈಗೆ ಬಾರದ ಸಂಬಳವನ್ನು ಎರಡು ಬಾರಿ ಕಳೆದಾಗ: ಬ್ರಿಟನ್ನಿನ ಚೈಲ್ಡ್ ಬೆನಿಫಿಟ್ ತೆರಿಗೆಯ ಒಂದು ಪ್ರಕರಣ

2026ರ ಫೆಬ್ರುವರಿ ಎರಡನೆಯ ವಾರದಲ್ಲಿ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ಮೈಸೂರು ಮೂಲದ ದಂಪತಿ ತಮ್ಮ ಆ ವರ್ಷದ ತೆರಿಗೆ ಲೆಕ್ಕವನ್ನು ಒಮ್ಮೆ ನೋಡಿಕೊಡುವಂತೆ ಕೇಳಿದರು. ಗುರುತು ಸಿಗಬಾರದೆಂದು ಊರು ಮತ್ತು ಮೊತ್ತಗಳನ್ನು ಕೊಂಚ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕದ ದಾರಿಯನ್ನು ಮಾತ್ರ ಬದಲಿಸಿಲ್ಲ. ಪತಿ ಸಾಫ್ಟ್‌ವೇರ್ ಉದ್ಯೋಗಿ, ವಯಸ್ಸು 38. ಪತ್ನಿ ಶಾಲೆಯೊಂದರಲ್ಲಿ ಅರೆಕಾಲಿಕ ಕೆಲಸದಲ್ಲಿದ್ದು ವರ್ಷಕ್ಕೆ ಸುಮಾರು 24,000 ಪೌಂಡ್ ಸಂಪಾದಿಸುತ್ತಾರೆ. ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳಿದ್ದಾರೆ. ಮಾರ್ಚ್ ಸಂಬಳದ ಜೊತೆ ಬರಲಿದ್ದ 5,000 ಪೌಂಡ್ ಬೋನಸ್ಸನ್ನು ಪಡೆದುಕೊಳ್ಳಬೇಕೋ, ಪಿಂಚಣಿಗೆ ಬಿಟ್ಟುಕೊಡಬೇಕೋ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಬೋನಸ್ ಪಡೆದುಕೊಂಡರೂ, ಮಕ್ಕಳಿರುವ ಮನೆಗೆ ಸರ್ಕಾರ ಕೊಡುವ ನೆರವಾದ ಚೈಲ್ಡ್ ಬೆನಿಫಿಟ್ ಬಾಬತ್ತಿನಲ್ಲಿ 900 ಪೌಂಡ್ ಹಿಂದಿರುಗಿಸಬೇಕಾದೀತು, ಅದಕ್ಕಿಂತ ಹೆಚ್ಚಲ್ಲ ಎಂದು ಪತಿ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಆ 900 ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ಬೋನಸ್ಸಿನ ಪ್ರಶ್ನೆಗಿಂತ ದೊಡ್ಡದೊಂದು ತಪ್ಪು ಕಣ್ಣಿಗೆ ಬಿತ್ತು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಉದ್ಯೋಗ ವೀಸಾದಲ್ಲಿ ಬಂದವರಿಗೆ ಸಾರ್ವಜನಿಕ ನಿಧಿಯ ನೆರವು ಇಲ್ಲವೆಂಬ ಷರತ್ತು ಇರುವುದರಿಂದ, ಮೊದಲ ಐದು ವರ್ಷ ಈ ಕುಟುಂಬಕ್ಕೆ ಚೈಲ್ಡ್ ಬೆನಿಫಿಟ್‌ನ ಗೊಡವೆಯೇ ಇರಲಿಲ್ಲ. 2025ರ ಜನವರಿಯಲ್ಲಿ ಎಲ್ಲರಿಗೂ ಶಾಶ್ವತ ವಾಸದ ಅನುಮತಿ ಸಿಕ್ಕಿತು, ಫೆಬ್ರುವರಿಯಲ್ಲಿ ಪತ್ನಿಯ ಹೆಸರಿನಲ್ಲಿ ಅರ್ಜಿ ಹಾಕಿದರು. ಈ ನೆರವನ್ನು ಹಿಂದಿನ ಮೂರು ತಿಂಗಳಿಗಷ್ಟೇ ಅನ್ವಯಿಸಿ ಕೊಡುವುದರಿಂದ, ಅನುಮತಿ ಸಿಕ್ಕ ಮೇಲೆ ವರ್ಷಗಟ್ಟಲೆ ಸುಮ್ಮನಿರುವವರು ಕಳೆದುಕೊಳ್ಳುವ ಹಣವನ್ನು ಇವರು ಕಳೆದುಕೊಳ್ಳಲಿಲ್ಲ. 2025-26ರ ದರದಂತೆ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಎರಡನೆಯದಕ್ಕೆ 17.25 ಪೌಂಡ್, ಒಟ್ಟು 52 ವಾರಕ್ಕೆ 2,251.60 ಪೌಂಡ್ ಪತ್ನಿಯ ಖಾತೆಗೆ ಜಮೆಯಾಗುತ್ತದೆ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಂಪಡೆಯುವ ಏರ್ಪಾಟು ಇದರ ಬೆನ್ನಿಗೇ ಇದೆ. 2013ರ ಜನವರಿ 7ರಿಂದ ಜಾರಿಯಲ್ಲಿರುವ ಈ ತೆರಿಗೆಯನ್ನು ಹೈ ಇನ್‌ಕಮ್ ಚೈಲ್ಡ್ ಬೆನಿಫಿಟ್ ಚಾರ್ಜ್ ಎನ್ನುತ್ತಾರೆ. ಮೊದಲು 50,000 ಪೌಂಡಿನಿಂದ ಶುರುವಾಗಿ 60,000ಕ್ಕೆ ಪೂರ್ತಿ ನೆರವನ್ನು ನುಂಗುತ್ತಿತ್ತು. 2024ರ ಏಪ್ರಿಲ್‌ನಿಂದ ಮಿತಿ 60,000ಕ್ಕೆ ಏರಿದೆ. ಅದನ್ನು ದಾಟಿದ ಪ್ರತಿ 200 ಪೌಂಡಿಗೆ ನೆರವಿನ ಶೇ 1ರಷ್ಟನ್ನು ತೆರಿಗೆಯಾಗಿ ಕಟ್ಟಬೇಕು, 80,000 ಮುಟ್ಟಿದರೆ ಪೂರ್ತಿ ಹಣ ವಾಪಸ್ಸು. ಗಂಡ ಹೆಂಡತಿಯರಲ್ಲಿ ಯಾರ ಆದಾಯ ಹೆಚ್ಚೋ ಅವರೇ ಇದನ್ನು ಕಟ್ಟಬೇಕು, ನೆರವು ಯಾರ ಹೆಸರಿನಲ್ಲಿದ್ದರೂ ಸರಿ. "ದುಡ್ಡು ಬರೋದು ನನ್ನ ಖಾತೆಗೆ, ತೆರಿಗೆ ಇವರು ಯಾಕೆ ಕಟ್ಟಬೇಕು ಸರ್?" ಎಂದು ಪತ್ನಿ ಕೇಳಿದ್ದು ಸಹಜವೇ. ಕಾನೂನು ಮನೆಯ ಒಟ್ಟು ಆದಾಯವನ್ನು ನೋಡುವುದಿಲ್ಲ. ಗಂಡ ಹೆಂಡತಿ ತಲಾ 59,000 ದುಡಿದು ಮನೆಗೆ 1,18,000 ಪೌಂಡ್ ತಂದರೆ ಚಿಕ್ಕಾಸನ್ನೂ ಕಟ್ಟಬೇಕಿಲ್ಲ. ಒಬ್ಬರೇ 75,000 ದುಡಿಯುವ ಮನೆ ನೆರವಿನ ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತದೆ. ಇದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ವೇತನ ಚೀಟಿ ಹೇಳಿದ್ದು

ಪತಿಯ ಮೂಲ ಸಂಬಳ 70,000 ಪೌಂಡ್. ಅದರ ಶೇ 5, ಎಂದರೆ 3,500 ಪೌಂಡ್, ಸ್ಯಾಲರಿ ಸ್ಯಾಕ್ರಿಫೈಸ್ ಮೂಲಕ ಕಂಪನಿಯ ಪಿಂಚಣಿ ನಿಧಿಗೆ ಹೋಗುತ್ತದೆ. ಹೆಸರು ಕೇಳಿದರೆ ಹೋಮಕುಂಡ ನೆನಪಾದೀತಾದರೂ ಇದು ಬರಿಯ ಕರಾರು: ಸಂಬಳದ ಇಷ್ಟು ಭಾಗ ನನಗೆ ಬೇಡ, ಅದರ ಬದಲು ಅಷ್ಟನ್ನು ನೀವೇ ನನ್ನ ಪಿಂಚಣಿಗೆ ಕಟ್ಟಿ ಎಂದು ನೌಕರ ಒಪ್ಪುತ್ತಾನೆ, ಕಂಪನಿ ತನ್ನ ಹಣವಾಗಿಯೇ ಅದನ್ನು ಕಟ್ಟುತ್ತದೆ. ಆದ್ದರಿಂದ ಬಿಟ್ಟುಕೊಟ್ಟ ಭಾಗ ಎಂದೂ ನೌಕರನ ಆದಾಯವಾಗುವುದೇ ಇಲ್ಲ. ಜನವರಿಯ ವೇತನ ಚೀಟಿಯನ್ನು ಮೇಜಿನ ಮೇಲಿಟ್ಟು ನೋಡಿದೆವು. ಮೊದಲ ಸಾಲಿನಲ್ಲಿ 5,833.33, ಅದರ ಕೆಳಗೆ ಋಣ ಚಿಹ್ನೆಯೊಂದಿಗೆ 291.67, ಆ ಬಳಿಕ ತೆರಿಗೆಗೆ ಒಳಪಡುವ ಸಂಬಳ 5,541.66. ವರ್ಷದ ಸಂಬಳ, ತೆರಿಗೆಗಳನ್ನು ತೋರಿಸಿ ಕಂಪನಿ ಕೊಡುವ ವರ್ಷಾಂತ್ಯದ ಪಿ60 ಪತ್ರದಲ್ಲೂ ಬರುವುದು ಈ ಕಡಿತವಾದ ಮೇಲಿನ ಮೊತ್ತವೇ, ಬೋನಸ್ ಬಿಟ್ಟು 66,500.

ಪತಿ ಮಾಡಿದ ಲೆಕ್ಕ ಹೀಗಿತ್ತು. ಪಿ60ಯಲ್ಲಿ ಬೋನಸ್ ಸೇರಿ 71,500 ಬರುತ್ತದೆ. ಪಿಂಚಣಿಗೆ ಕಟ್ಟಿದ್ದನ್ನು ಕಳೆಯಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ 3,500 ಕಳೆದರೆ 68,000. ಮಿತಿಗಿಂತ 8,000 ಹೆಚ್ಚು, ಶೇ 40, ಹಾಗಾಗಿ ತೆರಿಗೆ 900 ಪೌಂಡ್.

ಸಹೋದ್ಯೋಗಿ ಸುಳ್ಳು ಹೇಳಿರಲಿಲ್ಲ. ಅವರ ಪಿಂಚಣಿಯ ಬಗೆಯೇ ಬೇರೆಯಾಗಿತ್ತು, ಅಷ್ಟೆ. ಬ್ರಿಟನ್ನಿನಲ್ಲಿ ನೌಕರನ ಪಾಲು ಪಿಂಚಣಿಗೆ ಸೇರಲು ಮೂರು ದಾರಿಗಳಿವೆ. ರಿಲೀಫ್ ಅಟ್ ಸೋರ್ಸ್ ಎಂಬುದರಲ್ಲಿ ತೆರಿಗೆ ಕಟ್ಟಿ ಉಳಿದ ಸಂಬಳದಿಂದ 80 ಪೌಂಡ್ ಕೊಟ್ಟರೆ ಪಿಂಚಣಿ ಸಂಸ್ಥೆ ಸರ್ಕಾರದಿಂದ 20 ತಂದು ಅದನ್ನು 100 ಮಾಡುತ್ತದೆ. ಇಲ್ಲಿ ಸಂಬಳ ಪೂರ್ತಿಯಾಗಿ ಆದಾಯವೆಂದು ದಾಖಲಾಗಿರುವುದರಿಂದ ಚೈಲ್ಡ್ ಬೆನಿಫಿಟ್ ಲೆಕ್ಕದಲ್ಲಿ ಆ 100ನ್ನು ನಾವೇ ಕಳೆಯಬೇಕು, ಕಳೆಯದಿದ್ದರೆ ನಷ್ಟ ನಮಗೆ. ನೆಟ್ ಪೇ ವ್ಯವಸ್ಥೆಯಲ್ಲಿ ತೆರಿಗೆಗೆ ಮುನ್ನವೇ ಹಣ ಕಡಿತವಾಗುವುದರಿಂದ ಪಿ60 ಮೊತ್ತ ಆಗಲೇ ಇಳಿದಿರುತ್ತದೆ. ಮೂರನೆಯದು ಸ್ಯಾಲರಿ ಸ್ಯಾಕ್ರಿಫೈಸ್. ಇಲ್ಲಿ ಹಣ ಆದಾಯವಾಗಿಯೇ ಇಲ್ಲ. ಕೊನೆಯ ಎರಡರಲ್ಲೂ ಪಿ60 ಮೊತ್ತದಿಂದ ಮತ್ತೆ ಕಳೆಯುವುದೆಂದರೆ ಒಂದೇ ಹಣವನ್ನು ಎರಡು ಬಾರಿ ಕಳೆದಂತೆ. ಸಹೋದ್ಯೋಗಿ ಮೊದಲ ದಾರಿಯವರು, ಇವರು ಮೂರನೆಯ ದಾರಿಯವರು. ಕಚೇರಿಯ ಕಾಫಿ ಯಂತ್ರದ ಬಳಿ ಸಿಗುವ ತೆರಿಗೆ ಸಲಹೆಗಳಲ್ಲಿ ಬಹುಪಾಲು ಹೀಗೆಯೇ, ಹೇಳಿದವರ ಮಟ್ಟಿಗೆ ಸರಿ, ಕೇಳಿಸಿಕೊಂಡವರಿಗೆ ತಪ್ಪು.

ವೇತನ ಚೀಟಿ ಹೇಳದೆ ಬಿಟ್ಟಿದ್ದು

ಎರಡನೆಯ ತಪ್ಪು ಮೊದಲನೆಯದಕ್ಕಿಂತ ಸದ್ದಿಲ್ಲದ್ದು. ಈ ತೆರಿಗೆ ನೋಡುವುದು ಸಂಬಳವನ್ನಲ್ಲ, ಸರಿಹೊಂದಿಸಿದ ನಿವ್ವಳ ಆದಾಯವನ್ನು. ಅಂದರೆ ತೆರಿಗೆಗೆ ಒಳಪಡುವ ಎಲ್ಲ ಆದಾಯವನ್ನೂ ಕೂಡಿಸಿ, ಕಾನೂನು ಒಪ್ಪುವ ಕೆಲವನ್ನು ಕಳೆದು ಉಳಿಯುವ ಮೊತ್ತವನ್ನು. ಕಂಪನಿ ಕೊಟ್ಟ ಖಾಸಗಿ ವೈದ್ಯಕೀಯ ವಿಮೆಯ 1,140 ಪೌಂಡ್ ಅದಕ್ಕೆ ಸೇರುತ್ತದೆ. ಇಲ್ಲಿನ ಬ್ಯಾಂಕಿನಲ್ಲಿ ಬಂದ 385 ಪೌಂಡ್ ಬಡ್ಡಿಯೂ ಸೇರುತ್ತದೆ. ಶೇ 40ರ ತೆರಿಗೆದಾರನಿಗೆ 500 ಪೌಂಡ್‌ವರೆಗಿನ ಬಡ್ಡಿಗೆ ತೆರಿಗೆ ಇಲ್ಲವಲ್ಲ ಎಂದು ಪತಿ ವಾದಿಸಿದರು. ತೆರಿಗೆ ಇಲ್ಲವೆಂಬುದು ನಿಜ. ಆದರೆ ಅಲ್ಲಿ ತೆರಿಗೆಯ ದರ ಸೊನ್ನೆಯೇ ಹೊರತು ಬಡ್ಡಿ ಆದಾಯದ ಪಟ್ಟಿಯಿಂದ ಹೊರಗೆ ಹೋಗುವುದಿಲ್ಲ. ಅದೇ ಹಣ ಬಡ್ಡಿಗೆ ತೆರಿಗೆಯೇ ಇಲ್ಲದ ಐಎಸ್‌ಎ ಖಾತೆಯಲ್ಲಿದ್ದಿದ್ದರೆ ಬಡ್ಡಿ ಈ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ನಮ್ಮ ಕಡೆಯವರ ಮನೆಗಳಲ್ಲಿ ತಪ್ಪದೆ ಬಿಟ್ಟುಹೋಗುವುದು ಊರಿನ ಬಡ್ಡಿ. ಮೈಸೂರಿನ ಬ್ಯಾಂಕೊಂದರಲ್ಲಿ ಪತಿಯ ಹೆಸರಿನಲ್ಲಿ ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಒ ಠೇವಣಿಯೂ ಎನ್‌ಆರ್‌ಇ ಠೇವಣಿಯೂ ಇದ್ದವು. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕು ಟಿಡಿಎಸ್ ಮುರಿದುಕೊಂಡಿತ್ತು, ಹಾಗಾಗಿ ಅಲ್ಲಿ ತೆರಿಗೆ ಮುಗಿಯಿತೆಂದು ಅವರು ನಂಬಿದ್ದರು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯೇ ಇಲ್ಲ, ಟಿಡಿಎಸ್ ಪ್ರಮಾಣಪತ್ರವೂ ಬರುವುದಿಲ್ಲ, ಆದ್ದರಿಂದ ಅದು ನೆನಪಿಗೂ ಬಂದಿರಲಿಲ್ಲ. ಬ್ರಿಟನ್ನಿನ ನಿವಾಸಿಯಾಗಿ ಐದಾರು ವರ್ಷ ಕಳೆದಿರುವವರಿಗೆ ಎರಡೂ ಇಲ್ಲಿ ತೆರಿಗೆಗೆ ಒಳಪಡುವ ಆದಾಯವೇ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಉಭಯ ದೇಶಗಳ ಒಪ್ಪಂದದಂತೆ ಶೇ 15ರವರೆಗೆ ಇಲ್ಲಿ ವಜಾ ಸಿಗುತ್ತದಾದರೂ, ಆದಾಯಕ್ಕೆ ಸೇರಿಸುವುದು ಟಿಡಿಎಸ್ ಮುರಿಯುವ ಮುನ್ನಿನ ಪೂರ್ತಿ ಬಡ್ಡಿಯನ್ನು. ಇನ್ನೊಂದು ತೊಡಕೆಂದರೆ ಭಾರತದ ವರ್ಷ ಮಾರ್ಚ್ 31ಕ್ಕೆ ಮುಗಿದರೆ ಬ್ರಿಟನ್ನಿನದು ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಭಾರತದ ವರ್ಷದ ತೆರಿಗೆ ಕಡಿತದ ಪಟ್ಟಿಯಾದ ಫಾರ್ಮ್ 26ಎಎಸ್‌ನ ಮೊತ್ತವನ್ನು ನೇರವಾಗಿ ಇಳಿಸಿಕೊಳ್ಳಲಾಗದೆ ಪಾಸ್‌ಪುಸ್ತಕದ ತಾರೀಖುಗಳನ್ನೇ ಒಂದೊಂದಾಗಿ ನೋಡಬೇಕಾಯಿತು. ಹಾಗೆ ನೋಡಿ, ವರ್ಷಾಂತ್ಯಕ್ಕೆ ಬರಬೇಕಾದ ಬಡ್ಡಿಯನ್ನೂ ಸೇರಿಸಿ ಪೌಂಡಿಗೆ ಪರಿವರ್ತಿಸಿದಾಗ ಬಂದ ಮೊತ್ತ 2,230.

ಈಗ ಕೂಡಿಸಿದರೆ: ಸಂಬಳ 66,500, ಬೋನಸ್ 5,000, ವಿಮೆ 1,140, ಇಲ್ಲಿನ ಬಡ್ಡಿ 385, ಊರಿನ ಬಡ್ಡಿ 2,230, ಒಟ್ಟು 75,255 ಪೌಂಡ್. ಮಿತಿಗಿಂತ 15,255 ಹೆಚ್ಚು. ಅದನ್ನು 200ರಿಂದ ಭಾಗಿಸಿದರೆ 76.275 ಬರುತ್ತದೆ, ದಶಮಾಂಶವನ್ನು ಕೈಬಿಟ್ಟು ಶೇ 76 ಎಂದು ಹಿಡಿಯಬೇಕು, ತೆರಿಗೆಯ ಮೊತ್ತದಲ್ಲೂ ಪೆನ್ಸ್ ಬಿಡಬೇಕು. ತೆರಿಗೆ 1,711 ಪೌಂಡ್. ಪತಿಯ 900ಕ್ಕೂ ಇದಕ್ಕೂ ಇರುವ ಅಂತರ 811. ವರ್ಷದ ಆರಂಭದಲ್ಲಿ ಮೈಸೂರಿನ ಮಠವೊಂದಕ್ಕೆ ಕಳಿಸಿದ್ದ ಕಾಣಿಕೆಯನ್ನಾದರೂ ಕಳೆಯಬಹುದೇ ಎಂದು ಪತ್ನಿ ಕೇಳಿದರು. ಬ್ರಿಟನ್ನಿನ ಧರ್ಮಾರ್ಥ ಸಂಸ್ಥೆಗೆ ದಾನದ ತೆರಿಗೆ ರಿಯಾಯಿತಿ ಯೋಜನೆಯಾದ ಗಿಫ್ಟ್ ಏಯ್ಡ್ ಮೂಲಕ ಕೊಟ್ಟ ದಾನವನ್ನು ಮಾತ್ರ ಕಳೆಯಬಹುದಾದ್ದರಿಂದ ಅದಕ್ಕೆ ಅವಕಾಶವಿರಲಿಲ್ಲ.

ಬೋನಸ್ಸಿನ ತೀರ್ಮಾನ

ಅಸಲು ಪ್ರಶ್ನೆಗೆ ಉತ್ತರಿಸಲು ಮೊದಲು 100 ಪೌಂಡಿನ ಲೆಕ್ಕ ಸಾಕು. 60,000ದಿಂದ 80,000ದ ನಡುವೆ ಆದಾಯವಿರುವ ಇಬ್ಬರು ಮಕ್ಕಳ ತಂದೆ 100 ಪೌಂಡ್ ಸಂಬಳ ಬಿಟ್ಟುಕೊಟ್ಟರೆ ಆದಾಯ ತೆರಿಗೆ 40, ಸಾಮಾಜಿಕ ಭದ್ರತೆಗೆಂದು ಸಂಬಳದಿಂದ ಕಡಿತವಾಗುವ ನ್ಯಾಷನಲ್ ಇನ್ಶೂರೆನ್ಸ್ 2, ಚೈಲ್ಡ್ ಬೆನಿಫಿಟ್ ತೆರಿಗೆ ಸುಮಾರು 11.26 ಉಳಿಯುತ್ತದೆ. ಪಿಂಚಣಿಗೆ 100 ಸೇರಿದರೂ ಮನೆಗೆ ಬರುವ ಹಣದಲ್ಲಿ ಕಡಿಮೆಯಾಗುವುದು 47 ಪೌಂಡಿಗಿಂತ ಕಡಿಮೆ. ಒಂದೇ ಮಗುವಿದ್ದರೆ ಆ 11.26ರ ಜಾಗದಲ್ಲಿ 6.77 ಬರುತ್ತದೆ, ಮೂರು ಮಕ್ಕಳಿದ್ದರೆ 15.74. ಮಕ್ಕಳು ಹೆಚ್ಚಿದ್ದಷ್ಟೂ ಪಿಂಚಣಿಗೆ ಬಿಟ್ಟುಕೊಡುವುದು ಹೆಚ್ಚು ಲಾಭಕರವೆಂಬುದು ವಿಚಿತ್ರವೇ, ಏಕೆಂದರೆ ಕೈಯಲ್ಲಿ ಹಣ ಬೇಕಾಗುವುದೂ ಅಂಥ ಮನೆಗೇ.

ಇಲ್ಲಿ ಕಾಲದ ಕಟ್ಟು ಮುಖ್ಯ. ಸಂಬಳ ಬಿಟ್ಟುಕೊಡುವ ಕರಾರು ಯಾವಾಗಲೂ ಮುಂದಿನ ಸಂಬಳಕ್ಕೆ ಅನ್ವಯಿಸುತ್ತದೆ, ಕೈಗೆ ಬಂದ ಹಣವನ್ನು ಆಮೇಲೆ ಬಿಟ್ಟುಕೊಟ್ಟೆನೆಂದು ತೋರಿಸಲಾಗದು. ಕಂಪನಿಯು ಫೆಬ್ರುವರಿ 20ರೊಳಗೆ ಒಪ್ಪಿಗೆ ಪತ್ರ ಕೇಳಿತ್ತು. ನಾವು ಕುಳಿತದ್ದು ಅದಕ್ಕೆ ಒಂದು ವಾರ ಮುಂಚೆ. ಪತಿ ಬೋನಸ್ಸನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. ಆದಾಯ 70,255ಕ್ಕೆ ಇಳಿಯಿತು, ಶೇಕಡಾವಾರು 51 ಆಯಿತು, ಚೈಲ್ಡ್ ಬೆನಿಫಿಟ್ ತೆರಿಗೆ 1,148 ಪೌಂಡ್ ಆಯಿತು. ಬೋನಸ್ ತೆಗೆದುಕೊಂಡಿದ್ದರೆ ಆದಾಯ ತೆರಿಗೆಗೆ 2,000, ನ್ಯಾಷನಲ್ ಇನ್ಶೂರೆನ್ಸ್‌ಗೆ 100, ಚೈಲ್ಡ್ ಬೆನಿಫಿಟ್ ತೆರಿಗೆಗೆ 563 ಹೋಗಿ 2,337 ಪೌಂಡ್ ಕೈಗೆ ಉಳಿಯುತ್ತಿತ್ತು. ಅದರ ಬದಲು 5,000 ಪೂರ್ತಿ ಪಿಂಚಣಿಗೆ ಸೇರಿತು. ಕಂಪನಿಗೂ ತನ್ನ ಪಾಲಿನ ಶೇ 15ರ ನ್ಯಾಷನಲ್ ಇನ್ಶೂರೆನ್ಸ್, ಎಂದರೆ 750 ಪೌಂಡ್, ಉಳಿಯಿತು. ಕೆಲವು ಕಂಪನಿಗಳು ಆ ಉಳಿತಾಯದ ಒಂದು ಪಾಲನ್ನು ನೌಕರನ ಪಿಂಚಣಿಗೆ ಸೇರಿಸುತ್ತವೆ. ಈ ಕಂಪನಿ ಸೇರಿಸುವುದಿಲ್ಲ.

ಕಂಪನಿಯ ಗಡುವು ಮುಗಿದ ಮೇಲೂ ಒಂದು ದಾರಿ ಏಪ್ರಿಲ್ 5ರವರೆಗೆ ತೆರೆದಿರುತ್ತದೆ. ಸ್ವಂತ ಹೆಸರಿನ ಖಾಸಗಿ ಪಿಂಚಣಿಗೆ, ಇಲ್ಲಿನವರ ಬಾಯಲ್ಲಿ ಸಿಪ್, ನೇರವಾಗಿ ಹಣ ಕಟ್ಟಬಹುದು. ದಂಪತಿಯ ಉಳಿತಾಯ ಖಾತೆಯಲ್ಲಿ ತೆಗೆಯಲು ಅಡ್ಡಿಯಿಲ್ಲದ 4,000 ಪೌಂಡ್ ಇತ್ತು. 2026ರಲ್ಲಿ ಏಪ್ರಿಲ್ 5 ಈಸ್ಟರ್ ಭಾನುವಾರ, ಅದಕ್ಕೆ ಮುಂಚಿನ ಶುಕ್ರವಾರ ಗುಡ್ ಫ್ರೈಡೆ ರಜೆ. ಕೊನೆಯ ದಿನದವರೆಗೆ ಕಾದರೆ ಹಣ ಹೊಸ ವರ್ಷದ ಲೆಕ್ಕಕ್ಕೆ ಜಾರುವ ಅಪಾಯವಿದ್ದುದರಿಂದ ಮಾರ್ಚ್ 31ಕ್ಕೇ ಕಟ್ಟುವಂತೆ ಹೇಳಿದೆ. ಸಂಸ್ಥೆ 1,000 ಸೇರಿಸಿ ಅದನ್ನು 5,000 ಮಾಡುತ್ತದೆ. ಈ 5,000ವನ್ನು ಆದಾಯದಿಂದ ಕಳೆಯಬಹುದು, ಕಳೆಯಲೇಬೇಕು. ಆದಾಯ 65,255, ಶೇಕಡಾ 26, ಚೈಲ್ಡ್ ಬೆನಿಫಿಟ್ ತೆರಿಗೆ 585 ಪೌಂಡ್. ಶೇ 40ರ ಮೇಲ್ದರದ ತೆರಿಗೆಯ ಬಾಬತ್ತಿನ ಇನ್ನೊಂದು 1,000 ಪೌಂಡ್ ತಾನಾಗಿ ಬರುವುದಿಲ್ಲ, ತೆರಿಗೆ ರಿಟರ್ನ್ ಸಲ್ಲಿಸುವಾಗ ಕೇಳಿ ಪಡೆಯಬೇಕು. ಎಲ್ಲ ಸೇರಿ ಈ 5,000ಕ್ಕೆ ಅವರ ಜೇಬಿನಿಂದ ಹೋದದ್ದು 2,437 ಪೌಂಡ್. ಬೋನಸ್ ಬಿಟ್ಟುಕೊಟ್ಟದ್ದಕ್ಕಿಂತ ಸರಿಯಾಗಿ 100 ಪೌಂಡ್ ಹೆಚ್ಚು. ನ್ಯಾಷನಲ್ ಇನ್ಶೂರೆನ್ಸ್ ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ ಮಾತ್ರ ಉಳಿಯುತ್ತದೆ ಎಂಬುದಕ್ಕೆ ಆ ನೂರೇ ಸಾಕ್ಷಿ.

ಇನ್ನೂ 5,255 ಕಟ್ಟಿ ಆದಾಯವನ್ನು 60,000ಕ್ಕೇ ಇಳಿಸಿ ತೆರಿಗೆಯನ್ನು ಸೊನ್ನೆ ಮಾಡಬಹುದಿತ್ತು. ಪತಿಗೆ ಆಸೆಯೂ ಇತ್ತು. ನಾನು ಒತ್ತಾಯಿಸಲಿಲ್ಲ. ಚಿಕ್ಕ ಮಗುವಿನ ನರ್ಸರಿ ಶುಲ್ಕ, ಮನೆ ಸಾಲದ ಕಂತು, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಖರ್ಚು ಎಲ್ಲವೂ ಕೈಯಲ್ಲಿರುವ ಹಣದಿಂದ ಸಾಗಬೇಕು. ಪಿಂಚಣಿಯ ಹಣವನ್ನು ಮುಟ್ಟುವ ಕನಿಷ್ಠ ವಯಸ್ಸು 2028ರ ಏಪ್ರಿಲ್‌ನಲ್ಲಿ 55ರಿಂದ 57ಕ್ಕೆ ಏರಲಿದೆ. ಇವರಿಗೆ ಅದು ಹತ್ತೊಂಬತ್ತು ವರ್ಷದ ಮಾತು, ನಡುವೆ ಮೈಸೂರಿಗೇ ಮರಳಿದರೂ ಆ ವಯಸ್ಸಿಗೆ ಮುನ್ನ ಅದು ಕೈಗೆ ಸಿಗದು. ತೆರಿಗೆ ಉಳಿಯಿತೆಂದು ಮನೆಯ ಆಪದ್ಧನವನ್ನು ಬರಿದು ಮಾಡಿಕೊಂಡವರನ್ನು ಕಂಡಿದ್ದೇನೆ. ಅಲ್ಲದೆ ಸಂಬಳ ಬಿಟ್ಟುಕೊಟ್ಟಾಗ ಕರಾರಿನ ಸಂಬಳವೇ ಇಳಿಯುವುದರಿಂದ, ಮುಂದಿನ ವರ್ಷ ಮನೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಯೋಚನೆಯಲ್ಲಿರುವ ಇವರು ಬ್ಯಾಂಕು ಯಾವ ಸಂಬಳವನ್ನು ಪರಿಗಣಿಸುತ್ತದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೊಸ ವರ್ಷಕ್ಕೆ ಬೇರೆ ಏರ್ಪಾಟಾಯಿತು. ಕೊನೆಯ ಗಳಿಗೆಯ ಓಡಾಟ ಬೇಡವೆಂದು ಏಪ್ರಿಲ್‌ನಿಂದ ತಿಂಗಳಿಗೆ 700 ಪೌಂಡ್, ವರ್ಷಕ್ಕೆ 8,400, ಬಿಟ್ಟುಕೊಡಲು ಪತಿ ಒಪ್ಪಿದರು. 2025ರ ನವೆಂಬರ್ 26ರ ಬಜೆಟ್ ಇದನ್ನೆಲ್ಲ ಕೆಡಿಸಲಿಲ್ಲವೇ ಎಂಬ ಅನುಮಾನ ಅವರಿಗಿತ್ತು. 2029ರ ಏಪ್ರಿಲ್‌ನಿಂದ ಹೀಗೆ ಬಿಟ್ಟುಕೊಡುವ ಮೊತ್ತದಲ್ಲಿ ವರ್ಷಕ್ಕೆ 2,000 ಪೌಂಡಿಗಿಂತ ಹೆಚ್ಚಿನದಕ್ಕೆ ನ್ಯಾಷನಲ್ ಇನ್ಶೂರೆನ್ಸ್ ಬೀಳುತ್ತದೆ ಎಂಬುದು ಆ ಬಜೆಟ್ಟಿನ ಘೋಷಣೆ. ಆದಾಯ ತೆರಿಗೆಯ ರಿಯಾಯಿತಿಯನ್ನು ಅದು ಮುಟ್ಟಿಲ್ಲ. 8,400ರ ಮೇಲೆ ಇಂದಿನ ದರದಲ್ಲಿ ಇವರಿಗೆ ತಗಲುವುದು 128 ಪೌಂಡ್; ಕಂಪನಿಗೆ 960. ನೌಕರನಿಗಿಂತ ಹೊಡೆತ ಕಂಪನಿಗೇ ಹೆಚ್ಚಾದ್ದರಿಂದ, ತಮ್ಮ ಉಳಿತಾಯದ ಪಾಲನ್ನು ನೌಕರರಿಗೆ ಹಂಚುತ್ತಿದ್ದ ಕಂಪನಿಗಳು ಅದನ್ನು ಮುಂದುವರಿಸುವುದು ಅನುಮಾನವೇ.

ಉಳಿದದ್ದು ತೆರಿಗೆ ರಿಟರ್ನ್ ಸಲ್ಲಿಸುವ ಕೆಲಸ. ಈ ತೆರಿಗೆಯೊಂದೇ ಇದ್ದಿದ್ದರೆ ಈಗ ಸಂಬಳದಿಂದ ಎಷ್ಟು ತೆರಿಗೆ ಮುರಿಯಬೇಕೆಂದು ಕಂಪನಿಗೆ ತಿಳಿಸುವ ತೆರಿಗೆ ಕೋಡ್ ಮೂಲಕವೇ ಕಟ್ಟುವ ಸೌಲಭ್ಯವಿತ್ತು. ಊರಿನ ಬಡ್ಡಿ ಇರುವುದರಿಂದ ಇವರು, ಆದಾಯವನ್ನು ತಾವೇ ಘೋಷಿಸುವ ರಿಟರ್ನ್ ಆದ ಸೆಲ್ಫ್ ಅಸೆಸ್‌ಮೆಂಟ್ ಸಲ್ಲಿಸಲೇಬೇಕು: 2026ರ ಅಕ್ಟೋಬರ್ 5ರೊಳಗೆ ನೋಂದಣಿ, 2027ರ ಜನವರಿ 31ರೊಳಗೆ ಸಲ್ಲಿಕೆ ಮತ್ತು ಪಾವತಿ. ಡಿಸೆಂಬರ್ 30ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಬಾಕಿ 3,000 ಪೌಂಡಿಗಿಂತ ಕಡಿಮೆಯಿದ್ದಲ್ಲಿ ಅದನ್ನು ಮುಂದಿನ ಸಂಬಳಗಳಿಂದ ಕಂತಿನಲ್ಲಿ ಮುರಿದುಕೊಳ್ಳುವಂತೆ ಕೇಳಬಹುದು. ಮೇ 31ರೊಳಗೆ ಪಿ60, ಜುಲೈ 6ರೊಳಗೆ ವಿಮೆಯ ಮೌಲ್ಯವಿರುವ ಪಿ11ಡಿ ಕೈಗೆ ಬರಬೇಕು, ಅದಕ್ಕೆ ಮುಂಚೆ ನಮೂನೆ ತೆರೆಯುವ ಆತುರ ಬೇಡವೆಂದೆ.

ನಮೂನೆಯಲ್ಲಿ ಪಿಂಚಣಿಗೆಂದೇ ಒಂದು ಪುಟವಿದೆ. ಅದರ ಮೊದಲ ಚೌಕ ಕೇಳುವುದು, ಪಿಂಚಣಿ ಸಂಸ್ಥೆಯೇ ಮೂಲದರದ ತೆರಿಗೆಯನ್ನು ತಂದು ಸೇರಿಸುವ ಬಗೆಯ ಪಾವತಿಗಳನ್ನು. ವರ್ಷದಲ್ಲಿ ಪಿಂಚಣಿಗೆ ಹೋದ 13,500 ಪೌಂಡನ್ನೂ ಅಲ್ಲಿ ಬರೆದುಬಿಡುವುದು ಸುಲಭ, ಪಿಂಚಣಿ ಸಂಸ್ಥೆಗಳ ವಾರ್ಷಿಕ ಪತ್ರಗಳನ್ನು ಕೂಡಿಸಿದರೆ ಸಿಗುವುದು ಅದೇ ಮೊತ್ತ. ಬರೆದರೆ ಗಣಕಯಂತ್ರ ಚಕಾರವೆತ್ತದೆ ಆದಾಯವನ್ನು 56,755ಕ್ಕೆ ಇಳಿಸಿ, ಚೈಲ್ಡ್ ಬೆನಿಫಿಟ್ ತೆರಿಗೆಯನ್ನು ಸೊನ್ನೆಯೆಂದು ತೋರಿಸಿ, ಹಕ್ಕಿಲ್ಲದ 1,700 ಪೌಂಡ್ ರಿಯಾಯಿತಿಯನ್ನೂ ಕೊಟ್ಟುಬಿಡುತ್ತದೆ. ಒಟ್ಟು 2,285 ಪೌಂಡ್ ಕಡಿಮೆ ಕಟ್ಟಿದಂತಾಗುತ್ತದೆ, ಮುಂದೆ ತಪಾಸಣೆಯಲ್ಲಿ ಸಿಕ್ಕರೆ ಅಸಡ್ಡೆಯ ತಪ್ಪಿಗೆ ಬಡ್ಡಿಯ ಜೊತೆ ಶೇ 30ರವರೆಗೆ ದಂಡ. ಪತಿ ತಮ್ಮ ಡೈರಿಯಲ್ಲಿ ಆ ಚೌಕವನ್ನು ಬರೆದುಕೊಂಡು ಅದರೊಳಗೆ 5,000 ಎಂದು ನಮೂದಿಸಿದರು. ಸಂಬಳದಿಂದ ಬಿಟ್ಟುಕೊಟ್ಟ 8,500ನ್ನು ಎಲ್ಲಿ ಬರೆಯಬೇಕೆಂದು ಕೇಳಿದಾಗ ಎಲ್ಲಿಯೂ ಇಲ್ಲವೆಂದೆ. ಅವರು ಅದನ್ನು ನಂಬಲು ಇನ್ನೊಮ್ಮೆ ಜನವರಿಯ ವೇತನ ಚೀಟಿಯನ್ನು ಎಳೆದುಕೊಂಡು ನೋಡಿದರು.